ಹಣೆಯ ಮೇಲೆ ಬರೆದ ಹೊತ್ತು

ಪರ್ತ್‌ನ ವಿಲೆಟನ್‌ನಲ್ಲಿರುವ ಮಗಳು ಶೀಲಾಳ ಮನೆಯಲ್ಲಿ ಫ್ರೀಜರ್ ನನ್ನ ಸುಪರ್ದಿ. ಸಾರು, ಹುಳಿ, ರುಬ್ಬಿದ ಹಿಟ್ಟು, ಏನೇ ಒಳಗೆ ಹೋದರೂ ಡಬ್ಬಿಯ ಮೇಲೆ ಹೆಸರು, ತಾರೀಕು ಬರೆಸಿಕೊಂಡೇ ಹೋಗಬೇಕು. ಅದಕ್ಕೆಂದು ಒಂದು ಕಪ್ಪು ಮಾರ್ಕರ್ ಪೆನ್ನು ಸಿಂಕಿನ ಮೇಲಿನ ಕಿಟಕಿಯಲ್ಲಿ ಇರುತ್ತದೆ. ಬೇರೆಲ್ಲೂ ಇರಕೂಡದು. "ಅಮ್ಮಾ, ಇದು ಮನೆ, ನಿನ್ನ ವಾರ್ಡ್ ಅಲ್ಲ," ಅಂತ ಶೀಲಾ ಹಂಗಿಸುತ್ತಾಳೆ. ಅವಳು ಡಾಕ್ಟರು. ಡಾಕ್ಟರುಗಳಿಗೆ ವಸ್ತು ಎಲ್ಲಿಟ್ಟಿದೆ ಅಂತ ತಿಳಿಯಬೇಕಾಗಿಲ್ಲ, ಕೈ ಚಾಚಿದರೆ ಸಾಕು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿ, ಮೇಟ್ರನ್ ಆಗಿ ನಿವೃತ್ತಳಾದ ನನಗೆ ಆ ಸುಖ ಇರಲಿಲ್ಲ.

ಮೊನ್ನೆ ನುಗ್ಗೆಕಾಯಿ ಹುಳಿಯ ಡಬ್ಬಿಗೆ ಬರೆಯೋಣವೆಂದು ಮಾರ್ಕರಿನ ಮುಚ್ಚಳ ತೆಗೆದೆ. ಸ್ಪಿರಿಟ್ಟಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತುಹೋಯಿತು. ಆ ಚಳಿಗಾಲ ನೆನಪಾಯಿತು. ಮೊಮ್ಮಗಳು ಪ್ರಿಯಾ ಇಂಗ್ಲೆಂಡಿಗೆ ಹೋಗಿದ್ದ ಚಳಿಗಾಲ.

ಪ್ರಿಯಾ ಶೀಲಾಳ ಒಬ್ಬಳೇ ಮಗಳು. ಹುಟ್ಟಿದ್ದು, ಓದಿದ್ದು ಇಲ್ಲೇ. ಅಪ್ಪ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಅವಳನ್ನು ಬೆಳೆಸಲೆಂದೇ ನಾನು ಮೈಸೂರು ಬಿಟ್ಟು ಬಂದದ್ದು. ಮಗಳೂ ತನ್ನ ಹಾಗೆ ಡಾಕ್ಟರಾಗುತ್ತಾಳೆಂದು ಶೀಲಾ ನಂಬಿದ್ದಳು. ಪ್ರಿಯಾ ಹೋಗಿ ಆಸ್ಟ್ರೇಲಿಯಾದ ಸೇನೆಯಲ್ಲಿ ಮೆಡಿಕ್ ಆದಳು. ಮೆಡಿಕ್ ಅಂದರೆ ಗುಂಡು ತಗುಲಿದವನನ್ನು ಮೊದಲು ಮುಟ್ಟುವವಳು. ಡಾಕ್ಟರ ಕೈಗೆ ಸಿಗುವ ತನಕ ಅವನ ಉಸಿರು ಹಿಡಿದಿಡುವವಳು. ಶೀಲಾ ಎರಡು ತಿಂಗಳು ನನ್ನೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಬ್ಯಾಂಡೇಜು ಸುತ್ತುವುದನ್ನು ಆಟವೆಂದು ಕಲಿಸಿದವಳು ನಾನೇ ಎಂಬುದು ಅವಳ ದೂರು.

ಆ ವರ್ಷ ಪ್ರಿಯಾ ಬ್ರಿಸ್ಬೇನ್‌ನಲ್ಲಿದ್ದಳು. ಮೇ ತಿಂಗಳಲ್ಲಿ ಫೋನ್ ಮಾಡಿ ಬನ್ನಿ ಅಂದಳು. ಹೋದೆವು. ನದಿಯ ದೋಣಿಯಲ್ಲಿ ಕೂರಿಸಿಕೊಂಡು ಊರು ತೋರಿಸಿದಳು. ಆ ನದಿ ನಮ್ಮ ಕಡೆಯ ಹೊಸ ನೀರಿನ ಹಾಗೆ ಕಂದು ಬಣ್ಣ, ಒಳಗೇನಿದೆ ಕಾಣುವುದಿಲ್ಲ. ದೋಣಿ ಎರಡನೆಯ ಸೇತುವೆ ದಾಟುವಾಗ ಹೇಳಿದಳು.

"ಮಮ್, ಪ್ಯಾನಿಕ್ ಆಗ್ಬೇಡ. ನಮ್ಮ ಟೀಮನ್ನ ಇಂಗ್ಲೆಂಡಿಗೆ ಕಳಿಸ್ತಿದಾರೆ. ಯುಕ್ರೇನಿಂದ ಬಂದವರಿಗೆ ಟ್ರೇನಿಂಗ್ ಕೊಡೋಕೆ. ಜಸ್ಟ್ ಟೀಚಿಂಗ್."

ಒಬ್ಬನೇ ಮನುಷ್ಯನ ಮಾತಿನ ಮೇಲೆ ನಡೆಯುವ ರಷ್ಯಾದ ಸೈನ್ಯ ಯುಕ್ರೇನಿನೊಳಗೆ ನುಗ್ಗಿ ಆಗಲೇ ವರ್ಷ ಕಳೆದಿತ್ತು. ನಿನ್ನೆಯವರೆಗೆ ಬಸ್ಸು ಓಡಿಸುತ್ತಿದ್ದವರನ್ನು, ಪಾಠ ಹೇಳುತ್ತಿದ್ದವರನ್ನು ಇಂಗ್ಲೆಂಡಿಗೆ ಕರೆತಂದು, ಕೆಲವೇ ವಾರ ಕಲಿಸಿ, ಹಿಂದಕ್ಕೆ ಯುದ್ಧಕ್ಕೆ ಕಳಿಸುತ್ತಿದ್ದರು. ಕಲಿಸಲು ಬೇರೆ ಬೇರೆ ದೇಶಗಳವರು.

"ಅದೇನು ನಮ್ಮ ಪಕ್ಕದ ಮನೆನಾ? ಅವರವರ ನೆರೆಯವರ ಜಗಳ," ಅಂದಳು ಶೀಲಾ.

"ನೆರೆಯವರು ಅಂದ್ರೆ ಎಷ್ಟು ಮನೆ ತನಕ, ಮಮ್?"

ಶೀಲಾ ನನ್ನ ಕಡೆ ತಿರುಗಿದಳು. "ನೋಡು, ನಿನ್ನ ಮೊಮ್ಮಗಳು! ನೀನೇ ಹೇಳು ಅವಳಿಗೆ."

ನಾನು ಕೇಳಿದ್ದು ಇಷ್ಟೆ: "ಬೆಚ್ಚಗಿನ ಒಳಬಟ್ಟೆ ಇದೆಯೇನೇ?" ಪ್ರಿಯಾ ಗಟ್ಟಿಯಾಗಿ ನಕ್ಕಳು. "ಅಜ್ಜಿ, ಅಲ್ಲಿ ಈಗ ಸಮ್ಮರ್!" ನನ್ನ ತಲೆಯಲ್ಲಿ ಯುದ್ಧ ಅಂದರೆ ಹಿಮ.

ಪರ್ತ್‌ಗೆ ಹಿಂದಿರುಗುವ ಹೊತ್ತಿಗೆ ಇಲ್ಲಿ ಚಳಿಗಾಲ ಹಿಡಿದಿತ್ತು. ಇಲ್ಲಿಯ ಮಳೆ ಸಮುದ್ರದ ಕಡೆಯಿಂದ ಗಾಳಿಯ ಬೆನ್ನೇರಿ ಅಡ್ಡಡ್ಡ ಬರುತ್ತದೆ. ಮನೆಗಳು ಬೇಸಿಗೆಗೆ ಕಟ್ಟಿದಂಥವು, ಚಳಿಯಲ್ಲಿ ಹೊರಗಿಗಿಂತ ಒಳಗೇ ಹೆಚ್ಚು ನಡುಕ. ನಾನು ನನ್ನ ಕ್ರಮ ಬಿಡಲಿಲ್ಲ. ಎದ್ದು ಜಪಮಾಲೆ, ರಾಗಿ ಗಂಜಿ, ಮಳೆ ನಿಂತ ಕೂಡಲೇ ಪಾರ್ಕಿನ ಸುತ್ತ ನಡಿಗೆ. ಮನಸ್ಸು ಅಲುಗಾಡುವಾಗ ಕೈಕಾಲಿಗೆ ಕೆಲಸ ಕೊಡಬೇಕು ಎಂದು ನನ್ನ ಕೆಳಗಿನ ನರ್ಸ್ ಹುಡುಗಿಯರಿಗೆ ಹೇಳುತ್ತಿದ್ದೆ. ನನಗೂ ಅದೇ ಹೇಳಿಕೊಂಡೆ.

ನಡಿಗೆಯಲ್ಲಿ ಜೊತೆಗಾತಿ ಪಕ್ಕದ ಮನೆಯ ಅಲ್ದೋನಾ. ನನಗಿಂತ ಹಿರಿಯಳು, ಎತ್ತರದ ಹೆಂಗಸು, ಎರಡೂ ಮೊಣಕಾಲು ಬದಲಾಯಿಸಿಕೊಂಡವಳು. ಹುಟ್ಟಿದ್ದು ಲಿಥುವೇನಿಯಾದಲ್ಲಿ. ಹಿಂದಿನ ಮಹಾಯುದ್ಧದಲ್ಲಿ ಅವಳ ದೇಶವನ್ನು ಒಮ್ಮೆ ಪೂರ್ವದವರು, ಒಮ್ಮೆ ಪಶ್ಚಿಮದವರು, ಮತ್ತೆ ಪೂರ್ವದವರು ನುಂಗಿದರು. ಕಂಕುಳಲ್ಲಿದ್ದ ಅವಳನ್ನು ಹೊತ್ತುಕೊಂಡು ತಾಯಿ ಓಡಿದಳಂತೆ. ಶಿಬಿರಗಳಲ್ಲಿ ಬೆಳೆದು, ಹಡಗು ಹತ್ತಿ ಫ್ರೀಮ್ಯಾಂಟಲ್‌ನಲ್ಲಿ ಇಳಿದವರು. ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲೇ. ಅವಳ ಇಂಗ್ಲಿಷಿಗೆ ಅವಳ ಊರಿನ ಎಳೆತ, ನನ್ನದಕ್ಕೆ ಮೈಸೂರಿನದು. ಅವಳು ನನ್ನನ್ನು ಮೇಟ್ರನ್ ಎಂದೇ ಕರೆಯುತ್ತಾಳೆ.

ಪ್ರಿಯಾ ಇಂಗ್ಲೆಂಡಿಗೆ ಹೋದ ಸುದ್ದಿ ಹೇಳಿದಾಗ ಅಲ್ದೋನಾ ನಡಿಗೆ ನಿಲ್ಲಿಸಿದಳು. "ಮೇಟ್ರನ್, ನಿಮ್ಮ ಹುಡುಗಿ ನನ್ನ ಅಕ್ಕನ ಬಾಗಿಲು ಕಾಯಲು ಹೋಗಿದ್ದಾಳೆ," ಅಂದಳು.

ಅಕ್ಕ ಅಂದರೆ ದೊಡ್ಡಪ್ಪನ ಮಗಳು, ಇನ್ನೂ ಲಿಥುವೇನಿಯಾದಲ್ಲೇ, ರಷ್ಯಾದ ಕಡೆಯ ಗಡಿಯ ಹತ್ತಿರದ ಊರಲ್ಲಿದ್ದಾಳೆ. ಆಕೆಯ ಮೊಮ್ಮಗ ತೋಮಸ್‌ನದು ಬೇಕರಿ. ಶರತ್ಕಾಲ ಬಂದರೆ ಊರಿನವರೆಲ್ಲ ಅಣಬೆ ಆರಿಸಲು ಕಾಡಿಗೆ ಹೋಗುವುದು ಅಲ್ಲಿಯ ಪದ್ಧತಿ. ಈಗ ಆ ಕಾಡಿನ ನಡುವೆ ಮುಳ್ಳುತಂತಿಯ ಬೇಲಿ ಎದ್ದಿದೆ. ಅಕ್ಕ ಅಣಬೆಯನ್ನು ಅಂಗಡಿಯಿಂದ ಕೊಂಡಳಂತೆ. ಅದನ್ನು ಹೇಳುವಾಗ ಅಲ್ದೋನಾಳ ದನಿ, ಸಾವಿನ ಸುದ್ದಿ ಹೇಳುವವರ ದನಿಯ ಹಾಗಿತ್ತು.

"ಯುದ್ಧ ಬಂದಿಲ್ಲವಲ್ಲ ಅಲ್ಲಿಗೆ," ಅಂದೆ.

"ಅದು ಒಮ್ಮೆಗೇ ಬರುವುದಿಲ್ಲ. ಮೊದಲು ಅಣಬೆ ಹೋಗುತ್ತದೆ. ಆಮೇಲೆ ಶಾಲೆಯ ನೆಲಮಾಳಿಗೆ ಗುಡಿಸಿ ಇಡಿ ಅನ್ನುತ್ತಾರೆ. ಬೇಕರಿಯವನಿಗೆ ಶನಿವಾರ ಬಂದೂಕು ಕಲಿಸುತ್ತಾರೆ. ಅತ್ತ ಕಡೆಯವನು ಟಿವಿಯಲ್ಲಿ, ನಿಮ್ಮೂರಲ್ಲಿ ನಮ್ಮ ಭಾಷೆಯ ಜನ ಇದ್ದಾರೆ, ಅವರ ಕಷ್ಟ ನಮ್ಮ ಕಷ್ಟ ಅನ್ನುತ್ತಾನೆ. ಅಷ್ಟು ಸಾಕು. ನೀವು ಕದ ಹಾಕಿಕೊಂಡು ಒಳಗೇ ಇದ್ದರೂ ನೀವು ಯುದ್ಧದಲ್ಲಿದ್ದೀರಿ."

ಒಂದು ಮಧ್ಯಾಹ್ನ ಕಾರಿನಲ್ಲಿ ನನ್ನನ್ನು ರಾಕಿಂಗ್‌ಹ್ಯಾಮ್‌ನ ಕಡಲ ದಂಡೆಗೆ ಕರೆದುಕೊಂಡು ಹೋದಳು. ಮೀನು ಮತ್ತು ಚಿಪ್ಸ್ ತಿನ್ನಲು ಎಂದಿದ್ದಳು. ಮಳೆ ನಿಂತು ನೀರು ಸೀಸದ ಬಣ್ಣವಾಗಿತ್ತು. ಎದುರಿನ ದ್ವೀಪದಲ್ಲಿ ನೌಕಾಪಡೆಯ ನೆಲೆ. ಅದರ ಕಡೆಗೆ ಉದ್ದನೆಯ ಕರಿ ಬೆನ್ನೊಂದು ನೀರಿನ ಮೇಲೆ ಸದ್ದಿಲ್ಲದೆ ಸರಿದುಹೋಗುತ್ತಿತ್ತು. ಬೇರೆ ದೇಶದ ಜಲಾಂತರ್ಗಾಮಿ. ದಂಡೆಯಲ್ಲಿ ಮಕ್ಕಳು ಸೀಗಲ್ ಹಕ್ಕಿಗಳಿಗೆ ಚಿಪ್ಸ್ ಎಸೆಯುತ್ತಿದ್ದವು. ಯಾರೂ ತಲೆಯೆತ್ತಿ ನೋಡಲಿಲ್ಲ. ಅಲ್ದೋನಾ ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡು, "ಇಲ್ಲಿಯೂ ಅಣಬೆ ಹೋಗುತ್ತಿದೆ," ಅಂದಳು.

ಪ್ರಿಯಾಳ ಫೋನು ಸಂಜೆ ಚಹಾದ ಹೊತ್ತಿಗೆ ಬರುತ್ತಿತ್ತು, ಅಲ್ಲಿ ಬೆಳಿಗ್ಗೆ. ಅವಳ ಕನ್ನಡ ಅರ್ಧಂಬರ್ಧ. ಕೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಆದರೆ ದೂರ ಹೋದ ಮೇಲೆ ಯಾಕೋ ಹಟ ಹಿಡಿದು ಕನ್ನಡದಲ್ಲೇ ಮಾತಾಡತೊಡಗಿದಳು. ಪದ ಸಿಗದಿದ್ದರೆ ತಾನೇ ಕಟ್ಟುತ್ತಿದ್ದಳು. ಒಂದು ದಿನ ಸ್ಪೀಕರಿನಲ್ಲಿ ಹೀಗೆ ಅಂದಳು:

"ಅಜ್ಜಿ, ಗೊತ್ತಾ, ನಾನು ದಿನಾ ಎಲ್ರಿಗೂ ಹಣೆಬರಹ ಕಲಿಸ್ತಾ ಇದೀನಿ."

ಚಹಾ ಬಗ್ಗಿಸುತ್ತಿದ್ದ ಶೀಲಾಳ ಕೈ ನಿಂತಿತು. ನಾನು ಕೇಳಿದೆ, "ಏನು ಕಲಿಸ್ತಿದೀಯ?"

"ಹಣೆ, ಬರಹ. ಹಣೆ ಮೇಲೆ ಬರೆಯೋದು. ಯಾಕೆ, ರಾಂಗಾ?"

ಆಮೇಲೆ ವಿವರಿಸಿದಳು. ಕೈಯೋ ಕಾಲೋ ಸಿಡಿದು ರಕ್ತ ಚಿಮ್ಮುವಾಗ ಗಾಯದ ಮೇಲುಗಡೆ ಪಟ್ಟಿ ಬಿಗಿಯುತ್ತಾರೆ. ಟೂರ್ನಿಕೆಟ್. ಅದು ರಕ್ತ ನಿಲ್ಲಿಸಿ ಜೀವ ಉಳಿಸುತ್ತದೆ. ಆದರೆ ಬಿಗಿದ ಕ್ಷಣದಿಂದ ಕೆಳಗಿನ ಅಂಗ ಸಾಯತೊಡಗುತ್ತದೆ. ಹೆಚ್ಚು ಹೊತ್ತಾದರೆ ಕಾಲು ಹೋಗುತ್ತದೆ, ಇನ್ನೂ ಹೆಚ್ಚಾದರೆ ಮನುಷ್ಯನೇ. ಅದಕ್ಕೆ ಕಟ್ಟಿದವನು ಕಟ್ಟಿದ ಹೊತ್ತನ್ನು ಗಾಯಾಳುವಿನ ಹಣೆಯ ಮೇಲೆ ಮಾರ್ಕರಿನಿಂದ ಬರೆಯಬೇಕು. ಕಾಗದ ಕಳೆದುಹೋಗುತ್ತದೆ, ಅಂಗಿ ಹರಿಯುತ್ತದೆ, ಹಣೆ ಎಲ್ಲೂ ಹೋಗುವುದಿಲ್ಲ. ಮುಂದೆ ಅವನನ್ನು ಎತ್ತಿಕೊಳ್ಳುವವರು ಮೊದಲು ನೋಡುವುದು ಹಣೆಯನ್ನೇ.

"ಬರೆಯೋ ಮುಂಚೆ ಜೋರಾಗಿ ಟೈಮ್ ಹೇಳ್ಬೇಕು. ಹೇಳ್ದಿದ್ರೆ ನಾನು ಮತ್ತೆ ಫಸ್ಟಿಂದ ಮಾಡಿಸ್ತೀನಿ. ನಿನ್ ತರ."

ಹೌದು, ಅದು ನನ್ನ ಕ್ರಮವೇ. ಜ್ವರದ ಔಷಧಿ ಕುಡಿಸುವಾಗಲೂ ಗಡಿಯಾರ ನೋಡಿ ಹೊತ್ತು ಹೇಳಿಸಿಯೇ ಚಮಚ ಬಾಯಿಗಿಡುತ್ತಿದ್ದೆ. ಅವಳು ಕಟ್ಟಿದ ಪದದಲ್ಲಿ ವ್ಯಾಕರಣದ ತಪ್ಪೇನೂ ಇರಲಿಲ್ಲ. ಆ ಪದಕ್ಕೆ ನಮ್ಮಲ್ಲಿ ಬೇರೆ ಅರ್ಥವಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. "ಸರಿಯಾಗಿದೆ ಮಗಳೇ," ಅಂದೆ. ಶೀಲಾ ಚಹಾ ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗಿ ಮಳೆಯಲ್ಲಿ ಬಟ್ಟೆ ತೆಗೆಯತೊಡಗಿದಳು. ಹಗ್ಗದ ಮೇಲೆ ಇದ್ದದ್ದು ಒಂದೇ ಟವೆಲು.

ಪ್ರಿಯಾಳ ಬಾಯಲ್ಲಿ ಆಗಾಗ ಬರುತ್ತಿದ್ದ ಹೆಸರು ಮಿಕೋಲಾ. ಐವತ್ತರ ಆಸುಪಾಸಿನ, ಹೊಟ್ಟೆ ಬಂದ ಭೂಗೋಳದ ಮೇಷ್ಟ್ರು. ಪಟ್ಟಿ ಬಿಗಿಯುವುದನ್ನು ಬೇಗ ಕಲಿತ, ಬರೆಯುವಾಗ ಮಾತ್ರ ಕೈ ನಡುಗುತ್ತಿತ್ತು. ಹಲಗೆಯ ಮೇಲೆ ಅಷ್ಟು ವರ್ಷ ಬರೆದವನಿಗೆ ಮನುಷ್ಯನ ಚರ್ಮದ ಮೇಲೆ ಬರೆಯಲಾಗುತ್ತಿರಲಿಲ್ಲ. ಪ್ರಿಯಾ ಮತ್ತೆ ಮತ್ತೆ ಮಾಡಿಸಿದಳು. ಆಸ್ಟ್ರೇಲಿಯಾ ತನ್ನ ವಿದ್ಯಾರ್ಥಿಗಳಿಗೆಲ್ಲ ಅಚ್ಚುಮೆಚ್ಚು ಅಂದನಂತೆ. "ಯಾಕೆ, ಕಾಂಗರೂ?" ಅಂತ ಇವಳು ಕೇಳಿದ್ದಕ್ಕೆ, "ಅಲ್ಲ, ನಕ್ಷೆ ಬರೆಯುವುದು ಸುಲಭ. ಸುತ್ತ ನೀರು, ಗಡಿಯೇ ಇಲ್ಲ. ನಮ್ಮ ದೇಶದ್ದಾದರೆ ರಬ್ಬರು ಬೇಕು."

ಅವಸರದಲ್ಲಿ ಪ್ರಿಯಾಳ ಬಾಯಿಂದ ಇಂಗ್ಲಿಷ್ ಹೊರಡುವುದಿಲ್ಲ. ನನ್ನ ಮಾತು ಹೊರಡುತ್ತದೆ. ಶಾಲೆಗೆ ಹೊರಡಿಸುವಾಗ ನಾನು ಕೂಗುತ್ತಿದ್ದ "ಬೇಗ, ಬೇಗ!" ಅಲ್ಲಿಯ ಮೈದಾನದಲ್ಲಿ ಅವಳಿಗೇ ಗೊತ್ತಿಲ್ಲದೆ ಬಂದಿದೆ. ಅದು ಸೇನೆಯ ಯಾವುದೋ ಆಜ್ಞೆಯೆಂದು ತಿಳಿದ ಆ ಗಂಡಸರು ಕಲಿತುಬಿಟ್ಟರು. ಒಮ್ಮೆ ಫೋನ್ ಹಿಡಿದು ಕೇಳಿಸಿದಳು. ಹಿಂದಿನಿಂದ ಮಿಕೋಲಾನ ದಪ್ಪ ದನಿ: "ಬೇಗ! ಬೇಗ! ಬೇಗ!" ನಾನು, ಶೀಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಚಳಿಗಾಲದಲ್ಲಿ ಹಾಗೆ ನಕ್ಕದ್ದು ಅದೊಂದೇ ಸಲ.

ಮಳೆ ಹಿಂದೆ ಸರಿದು ಹಿತ್ತಲಲ್ಲಿ ನಿಂಬೆ ಹೂ ಬಿಡುವ ಹೊತ್ತಿಗೆ ಪ್ರಿಯಾ ಮರಳಿದಳು. ಅವಳನ್ನು ಅಡಿಲೇಡ್‌ಗೆ ಹಾಕಿದರು. ಶೀಲಾ ಚರ್ಚಿನಲ್ಲಿ ಪೂಜೆ ಕೊಡಿಸಿದಳು, ಮುಗಿಯಿತೆಂದು ನಂಬಿದಳು. ನಾನೂ ನಂಬಿದೆ. ಕೆಲವು ವಾರಗಳ ಮೇಲೆ ಪ್ರಿಯಾಳ ಫೋನ್ ಬಂತು: ಸೇನೆಯಲ್ಲಿ ಅವಳ ಅವಧಿ ಮುಗಿಯುತ್ತಿದೆ, ಮುಂದುವರಿಸುವುದಿಲ್ಲ, ಸ್ವಯಂಸೇವಕಿಯಾಗಿ ಯುಕ್ರೇನಿಗೇ ಹೋಗಿ ಗಾಯಾಳುಗಳ ವ್ಯಾನಿನಲ್ಲಿ ಕೆಲಸ ಮಾಡುತ್ತಾಳೆ. ಈ ಸಲ ಇಂಗ್ಲೆಂಡಲ್ಲ, ಪಾಠವೂ ಅಲ್ಲ.

ಶೀಲಾ ಅಂದೇ ನನ್ನ ಟಿಕೆಟ್ ಮಾಡಿಸಿದಳು. "ನೀನು ಬೇಡ ಅಂದ್ರೆ ಅವಳು ಹೋಗಲ್ಲ. ಬೇಡ ಅಂದುಬಿಡು ಅಮ್ಮಾ. ಒಂದೇ ಮಾತು. ನಂಗೆ ಇನ್ನೊಬ್ಬಳು ಮಗಳಿಲ್ಲ."

ಅಡಿಲೇಡ್‌ನಲ್ಲಿ ಬೇಸಿಗೆ ಮೊದಲಾಗಿತ್ತು. ಉತ್ತರದ ಒಣ ಗಾಳಿ ಒಲೆಯ ಬಾಗಿಲು ತೆರೆದ ಹಾಗೆ ಬೀಸುತ್ತಿತ್ತು. ವಿಮಾನ ನಿಲ್ದಾಣದಿಂದ ಬರುವಾಗ ಪ್ರಿಯಾ ಪೆಟ್ರೋಲ್ ಹಾಕಿಸಲು ಒಂದು ಬಂಕಿನಲ್ಲಿ ಕಾರು ನಿಲ್ಲಿಸಿದಳು. ಹಾಕಿಸಿ ಬಂದು ಕೂತಳು, ಕಾರು ಹೊರಡಿಸಲಿಲ್ಲ.

"ಮಮ್ ಕಳಿಸಿದ್ದು ಅಂತ ಗೊತ್ತು. ಫಸ್ಟ್ ಇದನ್ನ ನೋಡು."

ಫೋನಿನಲ್ಲಿ ಚಿಕ್ಕ ವಿಡಿಯೊ. ಅವಳ ಶಿಷ್ಯನೊಬ್ಬ ಕಳಿಸಿದ್ದು. ಎಲೆಯಿಲ್ಲದ ಮರಗಳ ಕೆಳಗೆ ಸ್ಟ್ರೆಚರಿನ ಮೇಲೆ ಒಬ್ಬ ದಪ್ಪನೆಯ ಮನುಷ್ಯ. ತೊಡೆಗೆ ಬಿಗಿದ ಪಟ್ಟಿ. ಸುತ್ತಲಿದ್ದವರು ಎತ್ತುತ್ತಾ ಕೂಗುತ್ತಿದ್ದರು: "ಬೇಗ! ಬೇಗ!" ಮೈಸೂರು ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ನನ್ನ ಅಡುಗೆಮನೆಯ ಮಾತು ಆ ಬೋಳುಮರಗಳ ನಡುವೆ ಓಡಾಡುತ್ತಿತ್ತು. ಮಲಗಿದ್ದವನ ಹಣೆಯ ಮೇಲೆ ಹೊತ್ತು ಬರೆದಿತ್ತು. ಅಕ್ಷರ ದುಂಡಗೆ, ಸ್ಪಷ್ಟ. ಯಾರೋ ಚೆನ್ನಾಗಿ ಕಲಿತಿದ್ದರು.

"ಮಿಕೋಲಾ?" ಅಂದೆ. ಹೌದೆಂದು ತಲೆಯಾಡಿಸಿದಳು.

"ಬರೆದಿರೋದು ಬೆಳಿಗ್ಗೆ ಟೈಮು. ಇದು ವ್ಯಾನ್ ಬಂದಾಗ ತೆಗೆದಿದ್ದು. ಲೈಟ್ ನೋಡು ಅಜ್ಜಿ, ಸಂಜೆ ಆಗಿದೆ. ಎವ್ರಿಥಿಂಗ್ ಕರೆಕ್ಟಾಗಿ ಮಾಡಿದಾರೆ. ಕಟ್ಟಿದಾರೆ, ಹೇಳಿದಾರೆ, ಬರೆದಿದಾರೆ. ಓದೋಕೆ ಟೈಮಿಗೆ ಯಾರೂ ಬರ್ಲಿಲ್ಲ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಪ್ರಿಯಾ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ನಾನು ಏನು ಹೇಳಬೇಕೆಂದು ಬಂದಿದ್ದೆನೋ ಅದು ಬಾಯಿಗೆ ಬರಲಿಲ್ಲ, ಬೇರೊಂದು ಬಂತು.

"ಹಣೆಬರಹ ಅಂದ್ರೆ ಏನು ಗೊತ್ತೇನೇ ನಿನಗೆ?"

"ಫೋರ್‌ಹೆಡ್ ರೈಟಿಂಗ್."

"ಅಲ್ಲ. ಹುಟ್ಟುವಾಗಲೇ ದೇವರು ಹಣೆ ಮೇಲೆ ಬರೆದು ಕಳಿಸ್ತಾನೆ ಅಂತ ನಮ್ಮ ಜನ ಹೇಳ್ತಾರೆ. ಯಾರು ಎಷ್ಟು ದಿನ, ಯಾರಿಗೆ ಏನಾಗುತ್ತೆ, ಎಲ್ಲ. ಅದನ್ನ ಅಳಿಸೋಕಾಗಲ್ಲ. ಅದಕ್ಕೆ ಹಣೆಬರಹ ಅಂತಾರೆ."

ಅವಳು ನನ್ನನ್ನೇ ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ನಗು ನಡುವೆಯೇ ಬೇರೆಯಾಯಿತು. "ಓ ಗಾಡ್. ಅಷ್ಟು ದಿನ ನಿಮ್ಗೆಲ್ಲ ಹಾಗೇ ಹೇಳ್ತಿದ್ನಾ? ನೀನ್ಯಾಕೆ ಹೇಳ್ಲಿಲ್ಲ?" ಆಮೇಲೆ ನಿಧಾನವಾಗಿ ಅಂದಳು, "ಅಜ್ಜಿ, ನಾವು ಬರೆಯೋದು ಅದಲ್ಲ. ಇದು ದೇವರು ಬರೆದಿದ್ದಲ್ಲ. ಇದನ್ನ ಯಾರಾದ್ರೂ ಟೈಮಿಗೆ ಬಂದ್ರೆ ಚೇಂಜ್ ಮಾಡ್ಬಹುದು. ಅದಕ್ಕೇ ಬರೆಯೋದು."

ನಾನು ಫೋನನ್ನು ಅವಳ ಕೈಗೆ ಹಿಂದಿರುಗಿಸಿದೆ. ಅವಳು ಬಿಡಲಿಲ್ಲ. "ನಿನ್ ಹಾಸ್ಪಿಟಲ್‌ನಲ್ಲಿ ಒಂದು ರೂಲ್ ಇತ್ತಲ್ಲ, ಬೆಲ್‌ದು? ನಂಗೆ ಹೇಳ್ತಿದ್ದೆ."

ಇತ್ತು. ಪಕ್ಕದ ವಾರ್ಡಿನ ರೋಗಿ ಗಂಟೆ ಬಾರಿಸಿದಾಗ ಆ ವಾರ್ಡಿನವರು "ಬಂದೆ" ಎಂದು ಕೂಗದಿದ್ದರೆ ಅದು ನಿನ್ನದೇ ಗಂಟೆ. ನನ್ನ ರೋಗಿ ಅಲ್ಲ ಎಂಬ ಮಾತನ್ನು ನನ್ನ ಕೆಳಗೆ ಕೆಲಸ ಮಾಡಿದ ಯಾವ ಹುಡುಗಿಯಿಂದಲೂ ನಾನು ಕೇಳಿಸಿಕೊಂಡವಳಲ್ಲ.

ಮೂರು ದಿನ ಅವಳ ಪುಟ್ಟ ಮನೆಯಲ್ಲಿದ್ದೆ. ಅಲಮಾರು ಜೋಡಿಸಿದೆ, ಅಂಗಿಗಳ ಗುಂಡಿ ಹೊಲಿದೆ. ಬೇಡ ಎಂಬ ಮಾತು ದಿನವೂ ಗಂಟಲ ತನಕ ಬಂತು. ಅಂದುಬಿಟ್ಟರೆ ಅವಳು ಉಳಿಯುತ್ತಿದ್ದಳು, ಅದು ನನಗೆ ಗೊತ್ತು. ಹೊರಡುವ ದಿನ ಕೇಳಿದ್ದು ಬ್ರಿಸ್ಬೇನ್‌ನಲ್ಲಿ ಕೇಳಿದ್ದನ್ನೇ: "ಬೆಚ್ಚಗಿನ ಒಳಬಟ್ಟೆ ಇದೆಯೇನೇ?"

ಈ ಸಲ ಅವಳು ನಗಲಿಲ್ಲ. "ತಗೋಬೇಕು ಅಜ್ಜಿ," ಅಂದಳು.

ಹಿಂದಿರುಗಿ ಬಂದಾಗ ಶೀಲಾ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು. "ಅಂದ್ಯಾ?" "ಇಲ್ಲ." ನನ್ನ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಹೋದಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು.

ಪ್ರಿಯಾ ಪರ್ತ್‌ನಿಂದಲೇ ಹೊರಟಳು. ವಿಮಾನ ನಿಲ್ದಾಣದಲ್ಲಿ ಶೀಲಾ ಅವಳನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ನನ್ನ ಸರದಿ ಬಂದಾಗ, ನಮ್ಮ ಮನೆಯ ವಾಡಿಕೆಯಂತೆ ಹೆಬ್ಬೆರಳಿನಿಂದ ಅವಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಟೈಮ್, ಅಜ್ಜಿ?"

ತನ್ನ ಶಿಷ್ಯರನ್ನು ಕೇಳುತ್ತಿದ್ದ ದನಿ. ನಾನು ನನ್ನ ವಾಚು ನೋಡಿದೆ. ಗಟ್ಟಿಯಾಗಿ ಹೇಳಿದೆ. ಸುತ್ತಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಅವಳು ಈಗಲೂ ಆ ಕಡೆಯೇ ಇದ್ದಾಳೆ. ವ್ಯಾನಿನಲ್ಲಿ ಬಹಳ ಕಾಲ ಇದ್ದಳು. ಅದರ ಕಥೆಗಳನ್ನು ನನಗೆ ಹೇಳುತ್ತಾಳೆ, ಅಮ್ಮನಿಗೆ ಹೇಳಬೇಡ ಅನ್ನುತ್ತಾಳೆ. ಈಚೆಗೆ ಕೆಲವು ತಿಂಗಳ ಮಟ್ಟಿಗೆ ಗಡಿ ದಾಟಿ ಆಸುಪಾಸಿನ ದೇಶಗಳಲ್ಲಿ ಸಾಮಾನ್ಯ ಜನಕ್ಕೆ ಪಟ್ಟಿ ಬಿಗಿಯುವುದನ್ನು ಕಲಿಸುತ್ತಿದ್ದಾಳೆ. ಅಲ್ಲಿ ಯುದ್ಧವಿಲ್ಲ. ಹಾಗಾಗಿ ಶೀಲಾ ಈಗ ರಾತ್ರಿ ನಿದ್ದೆ ಮಾಡುತ್ತಾಳೆ.

ಮೊನ್ನೆ ನಾನು ಮಾರ್ಕರ್ ಹಿಡಿದು ನಿಂತಿದ್ದಾಗ ಹಿತ್ತಲ ಬಾಗಿಲು ಬಡಿದು ಅಲ್ದೋನಾ ಒಳಗೆ ಬಂದಳು. ಕೈಯಲ್ಲಿ ಫೋನು. "ಮೇಟ್ರನ್, ನಮ್ಮ ತೋಮಸ್‌ನನ್ನು ನೋಡಿ."

ಯಾವುದೋ ಶಾಲೆಯ ಆಟದ ಕೋಣೆ. ನೆಲದ ಮೇಲೆ ಬೇಕರಿಯ ಬಿಳಿ ಅಂಗಿಯಲ್ಲೇ ಮಲಗಿ ಒಬ್ಬ ಯುವಕ ನಗುತ್ತಿದ್ದಾನೆ, ಕಚಗುಳಿ ಆದವನ ಹಾಗೆ. ಚಷ್ಮಾ ಹಾಕಿದ ಮುದುಕಿಯೊಬ್ಬಳು ಅವನ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಾಳೆ. ಅವನ ಹಣೆಯ ಮೇಲೆ ಕಪ್ಪು ಮಾರ್ಕರಿನಲ್ಲಿ ಹೊತ್ತು ಬರೆದಿದೆ. ಹಿಂದೆ ಎಲ್ಲಿಂದಲೋ ಅವರ ಜನರೇ, ಅವರ ಎಳೆತದಲ್ಲಿ, ಚಪ್ಪಾಳೆ ತಟ್ಟುತ್ತಾ ಕೂಗುತ್ತಿದ್ದಾರೆ: "ಬೇಗ! ಬೇಗ!"

"ಈಗ ಬ್ರೆಡ್ಡು ಒಲೆಯಿಂದ ತೆಗೆಯುವಾಗಲೂ ಹಾಗೇ ಕೂಗುತ್ತಾನಂತೆ. ನಮ್ಮ ಭಾಷೆಯದಲ್ಲ ಇದು. ರಷ್ಯನ್ನೂ ಅಲ್ಲ, ನನಗೆ ಗೊತ್ತು. ಯಾರ ಮಾತು ಮೇಟ್ರನ್, ನಿಮಗೇನಾದರೂ ಗೊತ್ತೇ?"

"ನನ್ನದು," ಅಂದೆ.

ಅರ್ಥ ಹೇಳಿದೆ. ಅವಳು ಅದನ್ನು ಒಂದು ಸಲ ತನ್ನ ಬಾಯಲ್ಲಿ ಆಡಿ ನೋಡಿದಳು. ಆಮೇಲೆ ಸ್ವೆಟರಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು, ಅಕ್ಕನಿಗೆ ಫೋನ್ ಮಾಡಬೇಕು ಎನ್ನುತ್ತಾ ಹೊರಟುಹೋದಳು. ನಾನು ಡಬ್ಬಿಯ ಮೇಲೆ ತಾರೀಕು ಬರೆದೆ. ಅಕ್ಷರ ದುಂಡಗೆ ಬರಲಿಲ್ಲ. ಒರೆಸಿ, ಮತ್ತೆ ಬರೆದೆ.